ಬ್ಯಾಂಜೊ-ಯೂಕಿನ ಹಳೆ ಚರ್ಮ

ಫಾಲ್ಗುಣದ ಬಿಸಿಲು ಆಗಷ್ಟೇ ಚುರುಕಾಗುತ್ತಿತ್ತು. ರವಿವಾರ, ಇಳಿಹೊತ್ತು. ಗೋದಾವರಿಬಾಯಿ ಗಂಡ ವಾಸುದೇವರಾಯರ ವಾದ್ಯವನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಹೈದರಾಬಾದಿನ ನಾಚಾರಂನಲ್ಲಿದ್ದ ಶಿವಾನಂದರ ಮನೆಯ ಪಡಸಾಲೆಗೆ ಬಂದರು. ಯುಕೆಲೆಲೆ ಸಂಘದವರು ತಿಂಗಳಿಗೊಮ್ಮೆ ಕೂಡುತ್ತಿದ್ದುದು ಅಲ್ಲಿಯೇ. ಹತ್ತು ಹನ್ನೆರಡು ಜನ. ಕಾರ್ಖಾನೆಯವರು, ರೈಲ್ವೆಯವರು, ಒಬ್ಬಿಬ್ಬರು ಮಾಸ್ತರರು. ಗಿಟಾರಿನ ಮರಿಯಂಥ, ನಾಲ್ಕು ತಂತಿಯ ಯುಕೆಲೆಲೆ ಎಲ್ಲರ ಕೈಯಲ್ಲೂ. ವಾಸುದೇವರಾಯರ ಕೈಯಲ್ಲಿ ಮಾತ್ರ ಬ್ಯಾಂಜೊ-ಯೂಕ್ ಇರುತ್ತಿತ್ತು. ಅದಕ್ಕೂ ಅದೇ ನಾಲ್ಕು ತಂತಿ, ಅದೇ ಗಿಡ್ಡ ಕುತ್ತಿಗೆ. ಹೊಟ್ಟೆ ಮಾತ್ರ ಮರದ್ದಲ್ಲ, ಖಂಜಿರದ ಹಾಗೆ ದುಂಡು ಬಳೆಗೆ ಬಿಗಿದ ಚರ್ಮ. ರಾಯರು ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, ಊರು ಬಿಡುತ್ತಿದ್ದ ಒಬ್ಬ ಆಂಗ್ಲೋ-ಇಂಡಿಯನ್ ಗಾರ್ಡ್ ಅದನ್ನು ಕೊಟ್ಟು ಹೋಗಿದ್ದ.

ಅದು ಮನೆಗೆ ಬಂದ ದಿನ ಗೋದಾವರಿಬಾಯಿ ಬಾಗಿಲಲ್ಲೇ ತಡೆದಿದ್ದರು. "ತೊಗಲಿನ ಸಾಮಾನು ದೇವರ ಮನಿ ಮುಂದ ತರಬ್ಯಾಡ್ರಿ!"

"ಯಾಕ, ನಿಮ್ಮ ಭಜನಿ ಮೃದಂಗಕ್ಕ ಏನು ರೇಷ್ಮಿ ಹೊಚ್ಚ್ಯಾರೇನು?" ಎಂದಿದ್ದರು ರಾಯರು.

ಆ ಜಗಳ ನಗುವಿನಲ್ಲಿ ಕರಗಿ ಎಷ್ಟೋ ಕಾಲವಾಗಿತ್ತು. ಹೋದ ತಿಂಗಳು, ಮಾಘದ ಚಳಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ, ರಾಯರು ಚಹಾದ ಬಟ್ಟಲು ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ.

ಪಡಸಾಲೆಯಲ್ಲಿ ಗೋದಾವರಿಬಾಯಿ ಗಂಟು ಬಿಚ್ಚಿ ವಾದ್ಯವನ್ನು ಹನುಮಂತನ ತೊಡೆಯ ಮೇಲೆ ಇಟ್ಟರು. ಹನುಮಂತ ಪಟಾನ್‌ಚೆರುವಿನ ಔಷಧ ಕಾರ್ಖಾನೆಯವನು. ಎರಡು ಬಸ್ಸು ಬದಲಿಸಿ ಬರುತ್ತಿದ್ದ. ರಾಯರ ಪಕ್ಕ ಕೂತು ಕಲಿತವನು, ಅವರ ಚಟ್ಟಕ್ಕೆ ಹೆಗಲು ಕೊಟ್ಟವನು.

"ನನಗ್ಯಾಕ ಕಾಕು? ನನ್ನ ಕೈ ಇನ್ನೂ ಕೂತಿಲ್ಲ."

"ಮೂಲ್ಯಾಗ ಇಟ್ರ ಜೊಂಡಿಗ ತಿಂತಾವ. ನೀ ಬಾರಸು. ನಾ ಕೇಳ್ಲಿಕ್ಕೆ ಬರ್ತೀನಿ."

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ತಿಂಗಳಿಗೊಮ್ಮೆ ಆ ದನಿ ಕಿವಿಗೆ ಬಿದ್ದರೆ ಉಳಿದ ದಿನಗಳು ಹೇಗೋ ಸಾಗುತ್ತಿದ್ದವು. ಹನುಮಂತ ತಪ್ಪುತ್ತಿದ್ದ, ತಡವರಿಸುತ್ತಿದ್ದ. ದನಿ ಮಾತ್ರ ಅದೇ, ನೆಗಡಿಯಾದವನ ಗಂಟಲಿನಂತೆ ಸ್ವಲ್ಪ ದಪ್ಪ, ಸ್ವಲ್ಪ ಗೊರಗೊರ. ರಾಯರ ಕಿರುಬೆರಳು ಊರುತ್ತಿದ್ದ ಕಡೆ ಚರ್ಮ ಕಪ್ಪಾಗಿ ನುಣುಪಾಗಿತ್ತು. ಮೌಲಾಲಿಯ ಏರು ಹತ್ತುವ ಗೂಡ್ಸ್ ಗಾಡಿಯನ್ನು ಕೇಳಿ ಕೇಳಿ ರಾಯರೇ ಕಟ್ಟಿದ ಒಂದು ಧಾಟಿಯಿತ್ತು. ಹನುಮಂತ ಅದನ್ನು ಶುರು ಮಾಡಿದರೆ ಸಾಕು, ಗೋದಾವರಿಬಾಯಿ ಕಂಬಕ್ಕೆ ಒರಗಿ ಕಣ್ಣು ಮುಚ್ಚುವರು. ಗಾಡಿ ಏರಿನ ನಡುವೆ ಹನುಮಂತನ ಬೆರಳಲ್ಲಿ ಸಿಕ್ಕಿ ನಿಂತುಬಿಡುತ್ತಿತ್ತು. "ಸಿಗ್ನಲ್ ಬಿದ್ದಿಲ್ಲ ನೋಡ್ರಿ," ಎಂದು ಶಿವಾನಂದ ನಗಿಸುತ್ತಿದ್ದರು. ಗೋದಾವರಿಬಾಯಿ ಕಣ್ಣು ಮುಚ್ಚಿಕೊಂಡೇ ನಗುವರು.

ಮಳೆ ಹಿಡಿಯಿತು. ತೇವಕ್ಕೆ ಚರ್ಮ ಸಡಿಲಾಗುವುದು ಹೊಸದೇನಲ್ಲ. ಪ್ರತಿ ಮಳೆಗಾಲ ಸಂಘದಲ್ಲೊಂದು ಪದ್ಧತಿಯಿತ್ತು. ಪಡಸಾಲೆಯಲ್ಲಿ ಇದ್ದಿಲ ಸಿಗಡಿ ಹೊತ್ತಿಸಬೇಕು. ಅದರ ಮೇಲೆ ಚಹಾ ಕುದಿಯಬೇಕು. ಚಹಾ ಇಳಿಸಿದ ಮೇಲೆ ರಾಯರು ಬ್ಯಾಂಜೊ-ಯೂಕನ್ನು ಕೆಂಡದ ಮೇಲೆ ರೊಟ್ಟಿ ತಿರುವಿದಂತೆ ತಿರುವಿ ಕಾಯಿಸಬೇಕು. ಚರ್ಮ ಎಷ್ಟಕ್ಕೆ ಬಿಗಿಯುತ್ತದೋ ಅಷ್ಟಕ್ಕೆ ಎಲ್ಲರೂ ತಮ್ಮ ತಂತಿ ಹೊಂದಿಸಿಕೊಳ್ಳಬೇಕು. "ಇದು ನಮ್ಮ ಮಾತು ಕೇಳೂದಿಲ್ಲ, ನಾವ ಇದರ ಮಾತು ಕೇಳೋಣು," ಎನ್ನುತ್ತಿದ್ದರು ರಾಯರು. ಇದ್ದಿಲು ತಂದು ಸಿಗಡಿ ಹೊತ್ತಿಸುವುದು ಯಾವಾಗಲೂ ಗೋದಾವರಿಬಾಯಿಯ ಪಾಲು.

ಜ್ಯೇಷ್ಠದ ಕೂಟದಲ್ಲಿ ಹನುಮಂತ ಎಷ್ಟು ಕಾಯಿಸಿದರೂ ಚರ್ಮ ಬಿಗಿಯಲಿಲ್ಲ. ಬಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಬಾರಿಸಿದರೆ ಜೇನುನೊಣದಂತೆ ಗುಂಯ್ ಎನ್ನುತ್ತಿತ್ತು. ಹಿರಿಯರ ವಸ್ತು ತನ್ನ ಕೈಯಲ್ಲಿ ಕೆಟ್ಟಿತಲ್ಲ ಎಂದು ಹನುಮಂತನ ಮುಖ ಸಣ್ಣದಾಯಿತು. ಗೋದಾವರಿಬಾಯಿಗೆ ಆ ಗುಂಯ್ ಏನೂ ಅನಿಸಲಿಲ್ಲ. ರಾಯರು ಕೊನೆಕೊನೆಗೆ ಕೆಮ್ಮುತ್ತಲೇ ಮಾತಾಡುತ್ತಿದ್ದರು; ಕೆಮ್ಮಿದ ಮಾತ್ರಕ್ಕೆ ಮಾತು ಅವರದಲ್ಲ ಎಂದಾಗುತ್ತದೆಯೆ? ಆದರೆ ಅದನ್ನು ಗೋದಾವರಿಬಾಯಿ ಹನುಮಂತನಿಗೆ ಬಾಯಿಬಿಟ್ಟು ಹೇಳಲಿಲ್ಲ.

ಆಷಾಢದ ರವಿವಾರ ಬೆಳಗಿನಿಂದ ಜಿಟಿಜಿಟಿ. ಗೋದಾವರಿಬಾಯಿ ಇದ್ದಿಲನ್ನು ಸೆರಗಿನ ಮರೆಯಲ್ಲಿ ತಂದು, ಊದಿ ಊದಿ, ಕಣ್ಣೆಲ್ಲ ಕೆಂಪಾಗಿ, ಅಂತೂ ಕೆಂಡ ಮಾಡಿದರು. ಹನುಮಂತ ನೆನೆದುಕೊಂಡು ಬಂದ. ವಾದ್ಯದ ಚೀಲ ಮಾತ್ರ ನೆನೆದಿರಲಿಲ್ಲ, ಅಂಗಿಯೊಳಗೆ ಇಟ್ಟುಕೊಂಡಿದ್ದ.

"ಇನ್ನ ಸಿಗಡಿ ಬ್ಯಾಡ ಕಾಕು!" ಎಂದ. ಮುಖದಲ್ಲಿ ಹಬ್ಬ. "ಕಣ್ಣು ಮುಚ್ಚಿರಿ, ನಾ ಹೇಳೂತನಕ ತಗೀಬ್ಯಾಡ್ರಿ."

ಅವರು ಕಣ್ಣು ಮುಚ್ಚಿದರು. ಗೂಡ್ಸ್ ಗಾಡಿ ಹೊರಟಿತು. ಏರು ಹತ್ತಿತು, ನಡುವೆ ಎಲ್ಲೂ ನಿಲ್ಲಲಿಲ್ಲ. ಹನುಮಂತ ಒಂದು ತಪ್ಪೂ ಮಾಡದೆ ಅದನ್ನು ಬಾರಿಸಿದ್ದು ಅದೇ ಮೊದಲು. ಆದರೆ ದನಿ ಬೇರೆ. ತಿಳಿ, ಚುರುಕು, ಹೊಸ ಸ್ಟೀಲ್ ತಟ್ಟೆಗೆ ಚಮಚೆ ತಾಗಿದಂತೆ. ಗೋದಾವರಿಬಾಯಿ ಮುಚ್ಚಿದ ಕಣ್ಣಿನಲ್ಲೇ ಹುಡುಕಿದರು. ಗಾಡಿ ಮುಗಿಯಿತು.

ಕಣ್ಣು ತೆರೆದರೆ ಬಳೆಯ ಮೇಲೆ ಹಾಲಿನಂಥ ಬಿಳಿ ಪ್ಲಾಸ್ಟಿಕ್.

"ಸುಲ್ತಾನ್ ಬಜಾರ್‌ದಾಗ ಹಾಕಿಸ್ದೆ ಕಾಕು. ಮಳಿ ಬರ್ಲಿ, ಬಿಸಲ ಬರ್ಲಿ, ಇನ್ನ ಸಡ್ಲ ಆಗೂ ಮಾತ ಇಲ್ಲ. ಹೆಂಗೈತಿ?"

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗೋದಾವರಿಬಾಯಿಯೂ ತಟ್ಟಿದರು.

"ಭಾಳ ಛಲೊ ಬಾರ್ಸಿದಿಪಾ. ಅವರ ಇದ್ದಿದ್ರ ಬೆನ್ನ ತಟ್ಟತಿದ್ರು." ಆಮೇಲೆ, ಸಿಗಡಿಯ ಕೆಂಡ ಕೆದಕುತ್ತ, "ಹಳೇದು ಎಲ್ಲದ?" ಎಂದರು.

"ಹರದಿತ್ತಲ್ರಿ, ಅಂಗಡ್ಯಾಗ ಬಿಟ್ಟ್‌ಬಂದೆ."

ಮರುದಿನ ಗೋದಾವರಿಬಾಯಿ ಒಬ್ಬರೇ ಬಸ್ಸು ಹತ್ತಿದರು. ಸೀರೆ ಅಂಗಡಿಗಳ ಗದ್ದಲ ದಾಟಿ, ಕೇಳುತ್ತ ಕೇಳುತ್ತ, ವಾದ್ಯ ರಿಪೇರಿಯ ಅಂಗಡಿ ಹಿಡಿದರು. ಮುದುಕ ಸಾಹೇಬ ಕನ್ನಡಕ ಹಣೆಗೇರಿಸಿ, "ಅರೆ ಅಮ್ಮಾ, ವೊ ಚಮ್ಡಾ ತೋ ಕಾಟ್ ಡಾಲೆ," ಎಂದ. ನೆನೆಸಿ, ಕತ್ತರಿಸಿ, ಯಾರದೋ ಮಕ್ಕಳ ಢೋಲಕಿಗೆ ತೇಪೆ ಹಾಕಿ ಆಗಿತ್ತು. ಬೇಕಿದ್ದರೆ ನೋಡಿ ಎಂದು ಅವನೇ ಢೋಲಕಿ ಇಳಿಸಿ ತಟ್ಟಿ ತೋರಿಸಿದ. ಢೋಲಕಿಯ ಸದ್ದೇ ಬಂತು. ಕಪ್ಪು ನುಣುಪಿನ ಗುರುತು ಇದೆಯೇ ಎಂದು ಅವರು ತೇಪೆಯನ್ನು ಬೆಳಕಿಗೆ ಹಿಡಿದರು. ಅದು ಇದ್ದ ತುಂಡು ಕಸಕ್ಕೆ ಹೋಗಿತ್ತು.

ಶ್ರಾವಣದ ಕೂಟಕ್ಕೂ ಅವರು ಬಂದರು. ಬಾರದಿದ್ದರೆ ತಮ್ಮ ಮನಸ್ಸು ನೊಂದದ್ದು ಹನುಮಂತನಿಗೆ ತಿಳಿದುಹೋಗುತ್ತಿತ್ತು. ಚಹಾಕ್ಕಾದರೂ ಬೇಕಲ್ಲ ಎಂದು ಸಿಗಡಿ ಹೊತ್ತಿಸಿದರು. ಅಂದು ಹೊಸದಾಗಿ ಬಂದಿದ್ದ ಪ್ರೇಮಾ ಎಂಬ ಹೆಣ್ಣುಮಗಳು ಪಕ್ಕದಲ್ಲಿ ಕೂತು, ಬಟ್ಟಲು ಜೋಡಿಸುತ್ತ, "ನಿಮ್ಮ ಯಜಮಾನ್ರೂ ಬಾರಸ್ತಿದ್ರಂತ. ಅವರು ಹೋಗಿದ್ದು ಯಾವಾಗ್ರೀ?" ಎಂದು ಕೇಳಿದಳು.

"ಆಷಾಢದಾಗವಾ. ರವಿವಾರ," ಎಂದರು ಗೋದಾವರಿಬಾಯಿ.

ಆಚೆ ತಂತಿ ಹೊಂದಿಸುತ್ತಿದ್ದ ಹನುಮಂತ, ಅಲ್ಲ ಕಾಕು, ಮಾಘದಾಗ, ಗುರುವಾರ, ಎನ್ನಲು ಬಾಯಿ ತೆರೆದ. ಅವರು ಸಿಗಡಿಯ ಮೇಲೆ ಎರಡೂ ಅಂಗೈ ಹಿಡಿದು, ಇಲ್ಲದ ಏನನ್ನೋ ನಿಧಾನಕ್ಕೆ ತಿರುವುತ್ತಿದ್ದರು. ಅವನ ಕೈ ತಂತಿಯ ಮೇಲೆ, ಆಷಾಢದಲ್ಲಿ ತಾನೇ ಹಾಕಿಸಿ ತಂದ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ನಿಂತಿತು.