ಇತರೆ ದೋಷ

ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರನ್ನು ಜನ ಇನ್ನೇನೆಂದು ಕರೆದಾರು? ತಪ್ಪಪ್ಪ ಎಂದರು. ಮನುಷ್ಯ ನಿವೃತ್ತರಾದರೂ ಹೆಸರು ನಿವೃತ್ತಿಯಾಗಲಿಲ್ಲ. ಹೋಟೆಲಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅಲ್ಲಿನ ಕಾಫಿ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ಎರಡನೆಯ ವರ್ಷ ಮನೆ ಮಾರಲು ಹೊರಟರು. ಒಂಟಿ ಜೀವಕ್ಕೆ ಮೂರು ಕೋಣೆ ಯಾಕೆ? ದಲ್ಲಾಳಿ ಒಂದು ಫಾರಂ ತಂದುಕೊಟ್ಟ. ಮಾರುವವರು ತಮಗೆ ಗೊತ್ತಿರುವ ದೋಷಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಮುಚ್ಚಿಟ್ಟರೆ ನಾಳೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು. ಸೋರಿಕೆ? ಇಲ್ಲ. ಗೆದ್ದಲು? ಇಲ್ಲ. ಬಿರುಕು? ಇಲ್ಲ. 'ಇತರೆ ದೋಷ' ಎಂಬಲ್ಲಿ ಪೆನ್ನು ನಿಂತಿತು.

ಗೋಡೆಗೆ ಕಿವಿ ಇರುತ್ತದೆಂದು ಲೋಕವೆಲ್ಲ ಹೇಳುತ್ತದೆ. ಬಾಯಿಯೂ ಇರುತ್ತದೆಂದು ತಪ್ಪಪ್ಪನವರಿಗೆ ಗೊತ್ತಿತ್ತು. ಬೆಳಗ್ಗೆ ಆರಕ್ಕೆ ಮಹಡಿಯವರು ನಲ್ಲಿ ತಿರುಗಿಸಿದರೆ ಸಾಕು, ಇವರ ಅಡುಗೆಮನೆಯ ಗೋಡೆಯೊಳಗೆ ಪೈಪು ಟಕ್ ಟಕ್ ಟಕ್ ಎಂದು ಬಡಿಯುತ್ತಿತ್ತು, ಥೇಟ್ ಯಾರೋ ಬಾಗಿಲು ತಟ್ಟಿದ ಹಾಗೆ. ಮನೆಗೆ ಬಂದ ಹೊಸತರಲ್ಲಿ ಹೆಂಡತಿ ಮೋಸಹೋಗಿ, "ಬಂದೆ, ಬಂದೆ" ಎನ್ನುತ್ತ ಓಡಿ ಬಾಗಿಲು ತೆರೆದಿದ್ದಳು. ಆಮೇಲೆ ಅದೇ ತಮಾಷೆಯಾಯಿತು. ಇಬ್ಬರಲ್ಲಿ ಯಾರು ಮೊದಲು ಎದ್ದರೂ ಗೋಡೆಗೆ "ಬಂದೆ" ಎನ್ನಬೇಕು. ಈಗ ಇವರೊಬ್ಬರೇ ಅನ್ನುತ್ತಿದ್ದರು. ಎಷ್ಟೋ ದಿನ ಅವರು ಬಾಯಿಬಿಟ್ಟು ಆಡಿದ ಮಾತು ಅದೊಂದೇ. ಅದನ್ನು ದೋಷ ಎಂದು ಬರೆಯಲು ಅವರಿಗೆ ಸಂಕಟವಾಯಿತು.

"ಅದನ್ನೆಲ್ಲ ಯಾರು ಬರೀತಾರೆ ಸಾರ್? ಸುಮ್ನೆ ಇಲ್ಲ ಅಂತ ಹಾಕಿ," ಎಂದ ದಲ್ಲಾಳಿ.

"ಗೊತ್ತಿದ್ದೂ ಬಿಟ್ರೆ ತಪ್ಪಲ್ವೇನಯ್ಯಾ?"

"ಬರೆದ್ರೆ ರಿಪೇರಿ ಮಾಡಿಸಿಕೊಡಿ ಅಂತಾರೆ. ಇನ್ನೂ ಒಂದು ತಿಂಗಳು ಇಲ್ಲಿರೋರು ನೀವೇ ತಾನೆ? ಇಲ್ಲದ ಉಸಾಬರಿ ಯಾಕೆ?"

ಒಂದು ತಿಂಗಳೆಂದರೆ ಮೂವತ್ತು ಬೆಳಗು. ತಪ್ಪಪ್ಪನವರು 'ಇಲ್ಲ' ಎಂದು ಬರೆದು ಫಾರಂ ಮಡಚಿದರು. ಮತ್ತೆ ಬಿಡಿಸಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! 'ಇಲ್ಲ' ಹೊಡೆದುಹಾಕಿ, ಬಿಟ್ಟುಹೋದ ಪದಕ್ಕೆಂದು ಜೀವಮಾನವಿಡೀ ಹಾಕಿದ ಆ ಕೊಕ್ಕೆ ಗುರುತನ್ನು ಹಾಕಿ, ಮೇಲೆ ಸಣ್ಣಕ್ಷರದಲ್ಲಿ ಬರೆದರು: ಅಡುಗೆಮನೆಯ ಗೋಡೆಯೊಳಗಿನ ಪೈಪು ಬೆಳಗ್ಗೆ ಬಡಿಯುತ್ತದೆ.

ಕೊಳ್ಳುವವರು ಕೇಳಿದ್ದು ಅದೊಂದೇ ರಿಪೇರಿ. ಪ್ಲಂಬರ್ ಬಂದು ಅಂಗೈಯಗಲ ಗೋಡೆ ಒಡೆದ, ಸಡಿಲಾಗಿದ್ದ ಕ್ಲಾಂಪಿನ ಸ್ಕ್ರೂ ಬಿಗಿದ, ಸಿಮೆಂಟು ಮೆತ್ತಿದ.

"ಇಷ್ಟೇ ಯಜಮಾನ್ರೆ. ಇಷ್ಟು ವರ್ಷ ಈ ಕಾಟ ಹೇಗೆ ಸಹಿಸಿಕೊಂಡ್ರಿ?"

ತಪ್ಪಪ್ಪನವರು ಅವನ ಕೂಲಿ ಕೊಟ್ಟು ಬಾಗಿಲು ಹಾಕಿಕೊಂಡರು.

ಮರುದಿನ ಆರಕ್ಕೆ ಮಹಡಿಯಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಗೋಡೆ ತೆಪ್ಪಗಿತ್ತು. ಬಕೆಟ್ಟು ತುಂಬುವವರೆಗೂ ಅವರು ಹಸಿ ಸಿಮೆಂಟಿನ ಮುಂದೆ ನಿಂತು ಕಾದರು. ನೀರು ನಿಂತಿತು. ಕೊನೆಗೆ ತಾವೇ ಬೆರಳು ಮಡಚಿ ಗೋಡೆಯನ್ನು ಮೂರು ಸಲ ತಟ್ಟಿದರು.

"ಬಂದೆ" ಎನ್ನುವವರು ಯಾರೂ ಇರಲಿಲ್ಲ.