ಅಸಲಿ ಮೇಲ್

ಕೇರ್ನ್ಸ್ ಪಟ್ಟಣದ ಆಚೆಗಿನ ನಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳ ದಾಖಲೆಯೆಲ್ಲ ಇರುವ ತಂತ್ರಾಂಶಕ್ಕೆ ಒಂದು ತೂತಿತ್ತು. ಯಾವ ನರ್ಸಿನ ಹೆಸರಲ್ಲಿ ಬೇಕಾದರೂ ‘ಪಾಸ್‌ವರ್ಡ್ ಮರೆತೆ’ ಎಂದು ಕೋರಿ, ಕೋರಿಕೆಯ ಜೊತೆ ಮರೆಯಲ್ಲಿ ಹೋಗುವ ಹೆಡರಿನೊಳಗೆ ಕಳ್ಳ ತನ್ನ ಪುಟದ ವಿಳಾಸ ತುರುಕಿದರೆ ಸಾಕು, ಕ್ಲಿನಿಕ್ಕೇ ಕಳಿಸುವ ಅಸಲಿ ಮೇಲ್‌ನ ಲಿಂಕ್ ಅವಳನ್ನು ಕಳ್ಳನ ಪುಟಕ್ಕೆ ಒಯ್ಯುತ್ತಿತ್ತು; ಒತ್ತಿದೊಡನೆ ಅವಳ ಖಾತೆಯ ಕೀಲಿ ಅವನ ಕೈಗೆ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು ಮ್ಯಾನೇಜರ್ ಬ್ರೆಂಡನ್‌ಗೆ ಹೇಳಿದೆ.

"ಬಿಡು ಮಾರಾಯ! ತರಬೇತಿ ಕೊಟ್ಟಿದೀವಲ್ಲ, ಯಾರು ಕಳಿಸಿದ್ದು ಅಂತ ನೋಡ್ದೆ ಒಬ್ಳೂ ಒತ್ತಲ್ಲ," ಎಂದು ನಕ್ಕ.

ಅಂಥದೇ ಮೇಲ್ ಬಂದಾಗ ನರ್ಸ್ ತೊರಿಕಾ ನೋಡಿಯೇ ಒತ್ತಿದಳು. ವಾರದೊಳಗೆ ನಮ್ಮಲ್ಲಿ ಗರ್ಭ ತೆಗೆಸಿಕೊಂಡವರ ಹೆಸರುಗಳು ಊರವರ ಫೋನುಗಳಲ್ಲಿ ಓಡಾಡಿದವು. ತೊರಿಕಾಳ ತಂಗಿಯ ಹೆಸರೂ ಇತ್ತು.

ವಿಚಾರಣೆಯಲ್ಲಿ ಬ್ರೆಂಡನ್ ಗದರಿದ. "ಯಾರು ಕಳಿಸಿದ್ದು ಅಂತ ನೋಡೋಕಾಗ್ಲಿಲ್ವಾ ನಿಂಗೆ?"

"ನೋಡ್ದೆ ಬ್ರೆಂಡನ್. ನಮ್ಮ ಕ್ಲಿನಿಕ್ಕೇ ಕಳಿಸಿತ್ತು."

"ಎದುರುತ್ತರ ಬೇರೆ!"

ಅಂದೇ ಅವಳನ್ನು ಕೆಲಸದಿಂದ ಕಿತ್ತುಹಾಕಿದರು. ತೂತು ಮಾತ್ರ ಹಾಗೇ ಇದೆ. ಉಳಿದ ನರ್ಸುಗಳಿಗೆ ಆ ಮಹಾಶಯ ಮತ್ತೆ ತರಬೇತಿ ಇಟ್ಟಿದ್ದಾನೆ, ಲ್ಯಾಮಿಂಗ್ಟನ್ ಕೇಕೂ ಉಂಟಂತೆ. ಆಹ್ವಾನ ಇವತ್ತು ಮೇಲ್‌ನಲ್ಲಿ ಬಂತು: ‘ಹೆಸರು ಕೊಡಲು ಈ ಲಿಂಕ್ ಒತ್ತಿ.’

ಎಲ್ಲರೂ ಒತ್ತಿದರು.