ತರಕಾರಿಗೆ ಹಾರುವುದು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನನ್ನು ಒಂದು ವಾರ ನಮ್ಮ ಮನೆಯಲ್ಲಿ ಇರಿಸಬೇಕು. ನಾನು ಸರ್ಕಾರದ ಸಮೀಕ್ಷೆಯವಳು. ಮನೆಮನೆಗೆ ಹೋಗಿ, ಹೆಂಗಸರನ್ನು ಒಂಟಿಯಾಗಿ ಕೂರಿಸಿಕೊಂಡು, ಗಂಡ ಹೊಡೆಯುತ್ತಾನಾ ಎಂದು ಕೇಳುವುದು ನನ್ನ ಕೆಲಸ. ಕಳೆದ ಸಲ 'ಹೌದು' ಎಂದವರ ಲೆಕ್ಕ ನೋಡಿಯೇ ಇಲಾಖೆ ನಮ್ಮ ಬಡಾವಣೆಯಲ್ಲಿ ಹೆಂಗಸರಿಗೊಂದು ಆಶ್ರಯಮನೆ ತೆರೆದದ್ದು. ಈ ಸಲ ಲೆಕ್ಕ ಇಳಿದರೆ ಅದನ್ನು ಮುಚ್ಚುತ್ತಾರಂತೆ.

ಮಾತಿನ ನಡುವೆ ಯಾರಾದರೂ ಒಳಗೆ ಬಂದರೆ ನಾವು ತಕ್ಷಣ ತರಕಾರಿಗೆ ಹಾರುತ್ತೇವೆ. ಸೊಪ್ಪು ತಿಂತೀರಾ, ಮಕ್ಕಳಿಗೆ ಹಣ್ಣು ಕೊಡ್ತೀರಾ, ಹೀಗೆ. ಬಂದವರಿಗೆ ಸುಳಿವು ಸಿಗಬಾರದು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹಾರಬೇಕೆಂದು, ತರಬೇತಿಯ ದಿನಗಳಲ್ಲಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡಿದ್ದೆ.

ಈ ಸಲ ಕಂಪ್ಯೂಟರ್ ಆರಿಸಿದ ಮನೆಗಳಲ್ಲಿ ನಮ್ಮದೂ ಒಂದು. ಕೇಳಲು ಬಂದವಳು ನನ್ನ ಜೊತೆ ಕೆಲಸ ಮಾಡುವವಳೇ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಎಲ್ಲರಿಗೂ ಅವಳು ಟೀಚರಮ್ಮ. ನನ್ನ ಗಂಡ ಮಾರ್ಕೆಟ್ಟಿಗೆ ಹೋಗಿದ್ದ. ಬಾಗಿಲು ಹಾಕಿಕೊಂಡು ಕೂತೆವು. ಊರಿನ ಹೆಂಗಸರನ್ನೆಲ್ಲ ಕೇಳುವ ನನ್ನನ್ನು ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ. ಹೇಳಿಬಿಡುತ್ತೇನೆ, ಲೆಕ್ಕಕ್ಕೆ ಸೇರುತ್ತೇನೆ, ಇವತ್ತೇ ಇವಳ ಜೊತೆ ಆಶ್ರಯಮನೆಗೆ ಹೊರಟುಬಿಡುತ್ತೇನೆ ಎಂದುಕೊಂಡೆ.

"ನಿಮ್ಮ ಗಂಡ ಯಾವತ್ತಾದ್ರೂ..." ಎಂದು ಟೀಚರಮ್ಮ ಶುರುಮಾಡಿದಳು. ಬೀಗದಲ್ಲಿ ಕೀಲಿ ತಿರುಗಿತು.

"...ಮನೆಗೆ ಸೊಪ್ಪು ತರ್ತಾರಾ?"

ಗಂಡ ಚೀಲ ಕೆಳಗಿಟ್ಟು, ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ. "ತರ್ತೀನಿ ಟೀಚರಮ್ಮ. ಇನ್ನು ಹಣ್ಣಿನ ಪ್ರಶ್ನೆ ಅಲ್ವಾ?" ಎಂದು ನಕ್ಕ.

ಅಡುಗೆಮನೆಯಲ್ಲಿ ನಾನು ಓದಿದ್ದನ್ನೆಲ್ಲ ಅವನು ಹೊರಗೆ ಕೂತೇ ಬಾಯಿಪಾಠ ಮಾಡಿಕೊಂಡಿದ್ದ.

ಟೀಚರಮ್ಮ ನನ್ನ ಮುಖ ನೋಡಿದಳು. "ಏಳೇ, ಆಫೀಸಲ್ಲಿ ಸ್ವಲ್ಪ ಕೆಲಸ ಇದೆ, ಇಬ್ರೂ ಹೋಗಿ ಬರೋಣ."

"ಅವಳಿಗೆ ಇವತ್ತು ರಜಾ. ಮೈ ಬೇರೆ ಸರಿಯಿಲ್ಲ. ನೀವು ಹೋಗ್ಬನ್ನಿ."

ಹೆಚ್ಚು ಎಳೆದರೆ ಪೆಟ್ಟು ಬೀಳುವುದು ನನಗೇ ಎಂದು ಅವಳಿಗೆ ಗೊತ್ತು. ನಮಗೆ ಕಲಿಸಿರುವುದೂ ಅದನ್ನೇ. ಗಂಡಸು ಎದ್ದು ಹೋಗದಿದ್ದರೆ ಮಾತು ನಿಲ್ಲಿಸಬೇಕು, ಆ ಮನೆಯನ್ನು ಲೆಕ್ಕದಿಂದ ಬಿಡಬೇಕು. ಅವಳು ಟ್ಯಾಬ್ ಮುಚ್ಚಿದಳು. ಇವನು ಗೇಟಿನ ತನಕ ಹೋಗಿ, ಬಿಸಿಲು ಜಾಸ್ತಿ, ಹುಷಾರು ಎಂದು ಕಳಿಸಿ ಬಂದ. ಮನೆಗೆ ಮಾರಿ, ಊರಿಗೆ ಉಪಕಾರಿ.

ಚಿಲಕ ಹಾಕಿ ನನ್ನೆದುರು ಕೂತ.

"ಊರವರನ್ನೆಲ್ಲ ಕೇಳ್ತೀಯಲ್ಲ, ಈಗ ನಿನ್ನನ್ನ ನೀನೇ ಕೇಳ್ಕೋ. ಉತ್ತರನೂ ನೀನೇ ಹೇಳು. ನಾನು ಕೇಳಿಸ್ಕೋತೀನಿ."

ಕೇಳಿದೆ. ಕೆಲಸದ ದನಿಯಲ್ಲೇ, ಒಂದಕ್ಷರ ಬಿಡದೆ. "ನಿಮ್ಮ ಗಂಡ ಯಾವತ್ತಾದ್ರೂ ನಿಮ್ಮ ಕೆನ್ನೆಗೆ ಹೊಡೆದಿದ್ದಾರಾ?"

"ಇಲ್ಲ" ಎಂದೆ.

"ಹಾಂ," ಎಂದ. "ಮುಂದಿನದು ಕೇಳು."